ಹಿತ್ತಲ ಗಿಡವೂ ಮದ್ದೇ

"ಗಿಡಮೂಲಿಕೆ ತಾನೇ, ಏನೂ ಆಗಲ್ಲ, ತಗೊಳ್ಳಿ" ಎಂಬ ಮಾತನ್ನು ನಾನು ಈ ಮೂವತ್ತು ವರ್ಷಗಳ ಮೇಷ್ಟರಗಿರಿಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ವರ್ಗವಾಗಿ ಸುತ್ತಿದ ಊರುಗಳು ನಾಲ್ಕು, ಕೂತು ಊಟದ ಡಬ್ಬಿ ಬಿಚ್ಚಿದ ಸ್ಟಾಫ್ ರೂಮುಗಳು ನಾಲ್ಕು. ಮಾತು ಮಾತ್ರ ಎಲ್ಲ ಕಡೆಯೂ ಒಂದೇ. ನಿದ್ದೆ ಬರುವುದಿಲ್ಲ ಎಂದು ಯಾರಾದರೂ ಒಬ್ಬ ಹೆಂಗಸು ಬಾಯಿ ಬಿಟ್ಟರೆ ಸಾಕು, ಸುತ್ತಲಿಂದ ಹತ್ತು ಔಷಧಿ ಬಂದು ಬೀಳುತ್ತವೆ. ಅಶ್ವಗಂಧದ ಚೂರ್ಣ, ಜಟಾಮಾಂಸಿ, ಜಾಯಿಕಾಯಿ ತೇಯ್ದ ಹಾಲು, ಯಾವುದೋ ಊರಿನ ಪಂಡಿತರ ಪೊಟ್ಟಣ. ಕೊಡುವವರಿಗೆ ಪ್ರೀತಿಯೇ ಇರುತ್ತದೆ, ಸುಳ್ಳಲ್ಲ. ಆದರೆ "ನೀನು ಬೇರೆ ಯಾವ ಮಾತ್ರೆ ತಿನ್ನುತ್ತಿದ್ದೀಯಮ್ಮಾ?" ಎಂದು ಕೇಳುವವರು ಒಬ್ಬರೂ ಇರುವುದಿಲ್ಲ.

ನನ್ನ ಜಗಳ ಇರುವುದು ಈ ಕೇಳದ ಪ್ರಶ್ನೆಯ ಮೇಲೆ. ನಾನು ಓದಿದ್ದು ಬಿ.ಎ., ಬಿ.ಎಡ್. ಅಷ್ಟೆ, ವೈದ್ಯಳಲ್ಲ. ಯಾರಿಗೂ ಔಷಧಿ ಹೇಳುವ ಅಧಿಕಾರ ನನಗಿಲ್ಲ. ಅದೇ ಕಾರಣಕ್ಕೆ ಹೇಳುತ್ತೇನೆ, ಆ ಅಧಿಕಾರ ನಮ್ಮ ಅತ್ತಿಗೆ, ನಾದಿನಿ, ಪಕ್ಕದ ಮನೆಯವರು, ಟೀವಿಯಲ್ಲಿ ಬರುವ ಜಾಹೀರಾತು, ಇವರಿಗೂ ಇಲ್ಲ.

ಆಯುರ್ವೇದದ ಮೇಲೆ ನನಗೆ ದ್ವೇಷವಿದೆ ಎಂದು ಯಾರೂ ತಿಳಿಯಬೇಡಿ. ಹೊಳಲ್ಕೆರೆ ತಾಲ್ಲೂಕಿನ ಅನ್ನ ಉಂಡವಳು ನಾನು. ಅದೇ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 'ತಿರುಕ' ಎಂದು ಹೆಸರಿಟ್ಟುಕೊಂಡು ಬದುಕಿದ ರಾಘವೇಂದ್ರ ಸ್ವಾಮೀಜಿಯವರು 1996ರಲ್ಲಿ ಕಣ್ಣು ಮುಚ್ಚುವವರೆಗೂ ಯೋಗ ಕಲಿಸಿದರು, ಆಯುರ್ವೇದದ ಔಷಧಿ ಕೊಟ್ಟರು, ಬಡವರ ಮಕ್ಕಳಿಗೆ ಶಾಲೆ ಕಟ್ಟಿದರು. ಅಂಥವರನ್ನು ಕಂಡ ಜಿಲ್ಲೆಯಲ್ಲಿ ಗಿಡಮೂಲಿಕೆಯನ್ನು ಹಗುರವಾಗಿ ಮಾತಾಡುವವರಿಗೆ ಬುದ್ಧಿ ಇಲ್ಲ ಎನ್ನಬೇಕು. ಹಗುರವಾಗಿ ಮಾತಾಡುತ್ತಿರುವವರು ಯಾರು ಎಂಬುದೇ ಪ್ರಶ್ನೆ. "ಇದರಿಂದ ಏನೂ ಆಗುವುದಿಲ್ಲ" ಎನ್ನುವವರೇ ಅಲ್ಲವೇ? ಏನೂ ಆಗದ ವಸ್ತುವಿನಿಂದ ನಿದ್ದೆ ಹೇಗೆ ಬಂದೀತು? ಬೇರಿಗೆ ನಿದ್ದೆ ತರಿಸುವ ಶಕ್ತಿ ಇದೆ ಎಂದು ಒಪ್ಪಿದ ಮೇಲೆ, ಕೆಡಿಸುವ ಶಕ್ತಿಯೂ ಇರಬಹುದು ಎಂದು ಒಪ್ಪಲೇಬೇಕು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವರು ಕೈಗೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂದು ಹಂಗಿಸಿದರು. ನಾವು ಆ ಗಾದೆಯನ್ನು ಇನ್ನೊಂದು ರೀತಿಯಲ್ಲಿ ನಿಜ ಮಾಡುತ್ತಿದ್ದೇವೆ. ಹಿತ್ತಲ ಗಿಡವನ್ನು ಚಮಚಗಟ್ಟಲೆ ತಿನ್ನುತ್ತೇವೆ, ಆದರೆ ಡಾಕ್ಟರು ಕೇಳಿದಾಗ ಅದು ಮದ್ದಲ್ಲ ಎಂದು ಬಿಟ್ಟುಬಿಡುತ್ತೇವೆ.

ಹಿಂದಿನ ಪಂಡಿತರು ಹೀಗಿರಲಿಲ್ಲ. ಪೊಟ್ಟಣ ಕೊಡುವ ಮೊದಲು ನಾಡಿ ಹಿಡಿದು, ಏನು ತಿಂದೆ, ಯಾವಾಗ ಮಲಗಿದೆ, ಮುಟ್ಟು ಸರಿಯಾಗಿದೆಯೇ ಎಂದೆಲ್ಲ ಕೇಳುತ್ತಿದ್ದರು. ಹುಣಸೆಹುಳಿ ಬೇಡ, ಬದನೆಕಾಯಿ ಬೇಡ ಎಂದು ಪಥ್ಯ ಹೇಳುತ್ತಿದ್ದರು. ಪಥ್ಯ ಎಂದರೇನು? ಒಂದು ವಸ್ತು ಇನ್ನೊಂದರ ಜೊತೆ ಸೇರಿದರೆ ಗುಣ ಬದಲಾಗುತ್ತದೆ ಎಂಬ ತಿಳಿವಳಿಕೆ. ವಿರುದ್ಧಾಹಾರ ಎಂಬ ಮಾತು ಆಯುರ್ವೇದದ್ದೇ. ಹುಣಸೆಹುಳಿಯೇ ಔಷಧಿಗೆ ಅಡ್ಡ ಬರುತ್ತದೆ ಎಂದು ನಂಬಿದವರು ನಾವು. ಮನೋವೈದ್ಯರು ಕೊಟ್ಟ ಮಾತ್ರೆ ಮಾತ್ರ ಯಾವ ಬೇರಿನ ಜೊತೆಗೂ ಸುಮ್ಮನೆ ಹೊಂದಿಕೊಂಡುಬಿಡುತ್ತದೆ ಎಂದು ಹೇಗೆ ನಂಬಿದೆವು?

ಯಾವುದು ಯಾವುದಕ್ಕೆ ಆಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಕೇಳಿ.

ಮೊದಲನೆಯದು ಮಂಪರು. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ಮಿರ್ಟಜಪಿನ್ ಮುಂತಾದ ಮಾತ್ರೆಗಳು ತಾವೇ ನಿದ್ದೆ ತರುತ್ತವೆ. ಮೊದಲ ಕೆಲವು ವಾರ ಎಷ್ಟೋ ಡಾಕ್ಟರು ಇವುಗಳ ಜೊತೆಗೆ ಕ್ಲೊನಾಜೆಪಾಮ್‌ನಂಥ ಇನ್ನೊಂದು ಮಾತ್ರೆಯನ್ನೂ ಬರೆಯುತ್ತಾರೆ. ಅದರ ಮೇಲೆ ಅಶ್ವಗಂಧ, ತಗರ, ಜಟಾಮಾಂಸಿ ಇವೂ ಸೇರಿದರೆ ಮಂಪರಿನ ಮೇಲೆ ಮಂಪರು. ಅಶ್ವಗಂಧಕ್ಕೆ ನಮ್ಮ ಕಡೆ ಹಿರೇಮದ್ದು ಎನ್ನುತ್ತಾರೆ. ಸಸ್ಯಶಾಸ್ತ್ರದವರು ಇಟ್ಟ ಹೆಸರಿನಲ್ಲಿರುವ 'ಸೋಮ್ನಿಫೆರಾ' ಎಂಬ ಪದಕ್ಕೆ ನಿದ್ದೆ ತರುವುದು ಎಂದೇ ಅರ್ಥ. ಅಮಿಟ್ರಿಪ್ಟಿಲಿನ್‌ಗೆ ಇನ್ನೊಂದು ಗುಣವಿದೆ, ಮಲಗಿದ್ದವರು ಫಕ್ಕನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ. ಐವತ್ತು ದಾಟಿದ, ಮೂಳೆ ಸವೆದ ಹೆಂಗಸು ರಾತ್ರಿ ಬಚ್ಚಲಿಗೆಂದು ಎದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕೇ?

ಇದಕ್ಕೇ ಸೇರಿದ್ದು ಅರಿಷ್ಟಗಳ ವಿಷಯ. ಅಶ್ವಗಂಧಾರಿಷ್ಟ, ಸಾರಸ್ವತಾರಿಷ್ಟ ಇವು ಹುದುಗು ಬಂದು ತಯಾರಾಗುವ ಔಷಧಿಗಳು. ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರ ಅವುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 5ರಿಂದ 10ರಷ್ಟು ಇರುತ್ತದೆ. ಸೀಸೆಯ ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದಿ ನೋಡಿ. ಕುಡಿಯುವುದು ಮೂರು ನಾಲ್ಕು ಚಮಚ, ಅಷ್ಟರಿಂದ ಯಾರಿಗೂ ಅಮಲೇರುವುದಿಲ್ಲ ನಿಜ. ಆದರೆ ಮನೋವೈದ್ಯರು "ಈ ಮಾತ್ರೆಯ ಜೊತೆ ಮದ್ಯ ಬೇಡ" ಎಂದಾಗ "ಅಯ್ಯೋ, ನಾವೆಲ್ಲ ಅದನ್ನು ಮುಟ್ಟುವವರೇ ಅಲ್ಲ ಸಾರ್" ಎಂದು ನಕ್ಕು ಬರುವ ನಮ್ಮ ಹೆಣ್ಣುಮಕ್ಕಳು, ಅದೇ ರಾತ್ರಿ ಅರಿಷ್ಟ ಕುಡಿದು, ಸಾಲದೆಂದು ಇನ್ನೆರಡು ಚಮಚ ಹಾಕಿಕೊಂಡು ಮಲಗುತ್ತಾರೆ. ಇದು ಅವರ ತಪ್ಪೇ? ಚೀಟಿಯನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬರೆಯದವರದ್ದಲ್ಲವೇ?

ಎರಡನೆಯದು ಸರ್ಪಗಂಧಿ. ಇದು ನಮ್ಮ ದೇಶದ ಹೆಮ್ಮೆಯ ಬೇರು. 1931ರಲ್ಲೇ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಹುಚ್ಚಿಗೂ ರಕ್ತದೊತ್ತಡಕ್ಕೂ ಇದು ಮದ್ದೆಂದು ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ವಕೀಲ್ ಇಂಗ್ಲೆಂಡಿನ ಪತ್ರಿಕೆಯಲ್ಲಿ ರಕ್ತದೊತ್ತಡಕ್ಕೆ ಇದರ ಉಪಯೋಗವನ್ನು ಬರೆದಾಗ ಜಗತ್ತೇ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಅದರ ಸತ್ತ್ವವನ್ನು ಬೇರ್ಪಡಿಸಿ ರೆಸರ್ಪಿನ್ ಎಂದು ಹೆಸರಿಟ್ಟರು. ಆಮೇಲೆ ಏನಾಯಿತು ಗೊತ್ತೇ? ರೆಸರ್ಪಿನ್ ತಿಂದ ಕೆಲವರಿಗೆ ಮನಸ್ಸು ಕುಗ್ಗಿ ಖಿನ್ನತೆ ಬಂತೆಂದು ವರದಿಗಳು ಬಂದವು. ಎಷ್ಟು ಮಂದಿಗೆ ಹಾಗಾಗುತ್ತದೆ ಎಂಬ ಬಗ್ಗೆ ವೈದ್ಯರಲ್ಲೇ ವಾದವಿದೆ. ಆದರೆ ಖಿನ್ನತೆ ಇರುವವರಿಗೆ ಇದನ್ನು ಕೊಡಬಾರದೆಂಬ ಎಚ್ಚರಿಕೆ ಔಷಧಿಯ ಜೊತೆಗೇ ಬಂತು. ಕಾರಣ ಸರಳ. ಮೆದುಳಿನಲ್ಲಿ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಸಗಳಿವೆ. ಖಿನ್ನತೆಯ ಮಾತ್ರೆ ಅವು ವ್ಯರ್ಥವಾಗದಂತೆ ತಡೆಯುತ್ತದೆ, ಸರ್ಪಗಂಧಿಯ ಸತ್ತ್ವ ಅವುಗಳ ಕಣಜವನ್ನೇ ಬರಿದು ಮಾಡುತ್ತದೆ. ಒಬ್ಬರು ತೊಟ್ಟಿಗೆ ನೀರು ತುಂಬುತ್ತಿದ್ದರೆ ಇನ್ನೊಬ್ಬರು ಕೆಳಗೆ ತೂತು ಕೊರೆದ ಹಾಗೆ. ನಿದ್ದೆಗೂ ಬಿ.ಪಿ.ಗೂ ಎಂದು ಮಾರುವ ಕೆಲವು ಪುಡಿ, ಗುಳಿಗೆಗಳಲ್ಲಿ ಈ ಬೇರು ಇರುತ್ತದೆ. ಚೀಟಿ ಇಲ್ಲದ ಪೊಟ್ಟಣದಲ್ಲಿ ಇದೆಯೋ ಇಲ್ಲವೋ ಯಾರು ಬಲ್ಲರು?

ಮೂರನೆಯದು ವಿಮಾನದಲ್ಲಿ ಬರುವ ಗಿಡಮೂಲಿಕೆ. ಈಗ ನಮ್ಮ ಜಿಲ್ಲೆಯ ಹಳ್ಳಿಹಳ್ಳಿಯ ಮಕ್ಕಳೂ ಅಮೆರಿಕದಲ್ಲಿದ್ದಾರೆ. ಊರಿಗೆ ಬರುವಾಗ ಅಮ್ಮನಿಗೆ ಮನಸ್ಸು ಸರಿಯಿಲ್ಲವಂತೆ ಎಂದು ಸೇಂಟ್ ಜಾನ್ಸ್ ವರ್ಟ್ ಎಂಬ ಹಳದಿ ಹೂವಿನ ಗಿಡದ ಮಾತ್ರೆ ತರುತ್ತಾರೆ. ಅಲ್ಲಿ ಅದು ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಸಿಕ್ಕಿದ ಮಾತ್ರಕ್ಕೆ ನಿರಪಾಯವೇ? ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್ ಇಂಥ ಮಾತ್ರೆ ತಿನ್ನುವವರು ಇದನ್ನೂ ತಿಂದರೆ ಸೆರೊಟೋನಿನ್ ಅಳತೆ ಮೀರಿ ಕೈಕಾಲು ನಡುಕ, ವಿಪರೀತ ಬೆವರು, ಜ್ವರ, ಎದೆಬಡಿತ, ಗಾಬರಿ, ತಲೆ ಕೆಟ್ಟಂತೆ ಮಾತಾಡುವುದು, ಇವೆಲ್ಲ ಆಗಬಹುದು. ಜೀವಕ್ಕೆ ಅಪಾಯವಾದದ್ದೂ ಇದೆ. ಈ ಗಿಡ ಪಿತ್ತಕೋಶವನ್ನು ಚುರುಕು ಮಾಡಿ ಬೇರೆ ಔಷಧಿಗಳನ್ನು ಬೇಗ ಕರಗಿಸಿಬಿಡುತ್ತದೆ. ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನೂ ಕುಂದಿಸುತ್ತದೆ. 2000ದಲ್ಲಿ ಅಮೆರಿಕದ ಸರ್ಕಾರವೇ ಈ ಗಿಡ ಬೇರೆ ಔಷಧಿಗಳನ್ನು ಕೆಡಿಸುತ್ತದೆಂದು ವೈದ್ಯರಿಗೆ ಎಚ್ಚರಿಕೆ ಕೊಟ್ಟಿತು. ಮಗ ತಂದನೆಂಬ ಸಂತೋಷದಲ್ಲಿ ಇದನ್ನು ಮರೆಯಬಾರದು.

ನಾಲ್ಕನೆಯದು ಪಿತ್ತಕೋಶ ಮತ್ತು ಥೈರಾಯ್ಡ್. ಅಶ್ವಗಂಧ ತಿಂದ ಐದು ಮಂದಿಗೆ ಕಾಮಾಲೆಯಾದ ವಿಷಯವನ್ನು ಐಸ್‌ಲೆಂಡ್ ಮತ್ತು ಅಮೆರಿಕದ ವೈದ್ಯರು 2020ರಲ್ಲಿ ಬರೆದರು. ಬಿಟ್ಟ ಮೇಲೆ ಅವರೆಲ್ಲ ಸುಧಾರಿಸಿಕೊಂಡರು. ಕೋಟಿ ಜನ ತಿನ್ನುವ ಬೇರಿಗೆ ಐದು ಜನ ಯಾವ ಲೆಕ್ಕ ಎನ್ನಬಹುದು. ಒಪ್ಪುತ್ತೇನೆ, ಇದು ಅಪರೂಪ. ಆದರೆ ಕಣ್ಣು ಹಳದಿಯಾದಾಗ ಡಾಕ್ಟರಿಗೆ ಚೂರ್ಣದ ಸುದ್ದಿಯೇ ಗೊತ್ತಿಲ್ಲದಿದ್ದರೆ ಅವರು ಬಯ್ಯುವುದು ಮನಸ್ಸಿನ ಮಾತ್ರೆಯನ್ನು, ನಿಲ್ಲಿಸುವುದೂ ಅದನ್ನೇ. ಅಶ್ವಗಂಧ ಥೈರಾಯ್ಡ್ ರಸವನ್ನು ಹೆಚ್ಚಿಸಬಹುದೆಂದೂ ಹೇಳುತ್ತಾರೆ. ಬೆಳಿಗ್ಗೆ ಎದ್ದು ಥೈರಾಯ್ಡ್ ಗುಳಿಗೆ ನುಂಗುವ ಹೆಂಗಸರು ನಮ್ಮಲ್ಲಿ ಕಡಿಮೆಯೇ? ಬಸುರಿಯರಂತೂ ವೈದ್ಯರನ್ನು ಕೇಳದೆ ಅದನ್ನು ಮುಟ್ಟಲೇಬಾರದು.

"ಬೆಳಿಗ್ಗೆ ಇಂಗ್ಲಿಷ್ ಔಷಧಿ, ರಾತ್ರಿ ನಾಟಿ ಔಷಧಿ, ಮಧ್ಯೆ ಎರಡು ಗಂಟೆ ಅಂತರ ಇಟ್ಟರೆ ಸಾಕು" ಎಂಬ ಬುದ್ಧಿವಂತಿಕೆಯೂ ಬೇಕಾದಷ್ಟಿದೆ. ಹೊಟ್ಟೆಯಲ್ಲಿ ಎರಡೂ ಕಲೆಯದಿದ್ದರೆ ಆಯಿತು ಎಂದು ಎಣಿಸುತ್ತಾರೆ. ಔಷಧಿಗಳು ಸಂಧಿಸುವುದು ಹೊಟ್ಟೆಯಲ್ಲಲ್ಲ, ರಕ್ತದಲ್ಲಿ, ಪಿತ್ತಕೋಶದಲ್ಲಿ, ಮೆದುಳಿನಲ್ಲಿ. ಫ್ಲುಆಕ್ಸೆಟಿನ್ ಮಾತ್ರೆ ನಿಲ್ಲಿಸಿದರೂ ಮೈಯಿಂದ ಪೂರ್ತಿ ಹೋಗಲು ವಾರಗಟ್ಟಲೆ ಬೇಕು. ಎರಡು ಗಂಟೆಯ ಅಂತರ ಅದಕ್ಕೆ ಯಾವ ಮೂಲೆಗೆ?

ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಟೀಚರಮ್ಮನ ಕತೆ ಹೇಳುತ್ತೇನೆ, ಹೆಸರು ಊರು ಬೇಡ. ಗಂಡ ತೀರಿಕೊಂಡ ಮೇಲೆ ಆಕೆಗೆ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ, ಅಳುತ್ತಾ ಕೂರುವಂತಾಯಿತು. ಮನೋವೈದ್ಯರು ರಾತ್ರಿಗೊಂದು ಮಾತ್ರೆ ಬರೆದರು. ವಾರವಾದರೂ ಮನಸ್ಸು ತಿಳಿಯಾಗಲಿಲ್ಲ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕೆಂದು ಆಕೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಓರಗಿತ್ತಿ ಎಲ್ಲಿಂದಲೋ ಒಂದು ಪುಡಿ ತಂದುಕೊಟ್ಟರು. ಬಿಳಿ ಕಾಗದದ ಪೊಟ್ಟಣ, ಮೇಲೆ ಒಂದಕ್ಷರವಿಲ್ಲ. ಎರಡನ್ನೂ ತಿಂದರು. ಹತ್ತನೆಯ ದಿನ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದು ತೊಡೆಯ ಮೂಳೆ ಮುರಿಯಿತು. ಮೂಳೆ ಡಾಕ್ಟರು ಏನಾದರೂ ಔಷಧಿ ತಿನ್ನುತ್ತೀರಾ ಎಂದು ಕೇಳಿದಾಗ ಮನೆಯವರು ಏನಿಲ್ಲ ಎಂದರು. ಪುಡಿಯನ್ನು ಮುಚ್ಚಿಟ್ಟದ್ದು ಅದು ಔಷಧಿಯೇ ಅಲ್ಲವೆಂದು. ಮಾತ್ರೆಯನ್ನು ಮುಚ್ಚಿಟ್ಟದ್ದು ಮಗಳಿಗೆ ಗಂಡು ನೋಡುತ್ತಿದ್ದರೆಂದು. ಆ ಪುಡಿಯಲ್ಲಿ ಏನಿತ್ತು ಎಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ. ಬಿದ್ದದ್ದು ಪುಡಿಯಿಂದಲೋ, ಮಾತ್ರೆಯಿಂದಲೋ, ಎರಡೂ ಸೇರಿಯೋ ಹೇಳುವ ಹಾಗಿಲ್ಲ. ಹೇಳುವ ಹಾಗಿಲ್ಲ ಎಂಬುದೇ ನನ್ನ ಸಿಟ್ಟು. ಒಬ್ಬ ಹೆಂಗಸಿನ ಮೂಳೆ ಮುರಿದರೂ ಕಾರಣ ತಿಳಿಯದ ಹಾಗೆ ನಾವು ಮನೆಯಲ್ಲಿ ಕತ್ತಲು ಮಾಡಿಟ್ಟುಕೊಂಡಿದ್ದೇವೆ.

ಈ ಕತ್ತಲಿನ ಹೆಸರು ನಾಚಿಕೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳುವ ಮನೆಯಲ್ಲಿ ಮನಸ್ಸಿನ ಮಾತ್ರೆ ಸೀರೆಯ ಮಡಿಕೆಯೊಳಗೆ ಇರುತ್ತದೆ. ಕೇಳಿದರೆ ನರದ ವೀಕ್‌ನೆಸ್ಸಿನ ಮಾತ್ರೆ ಎನ್ನುತ್ತಾರೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಹೇಳಿ, ನಿನಗೇನು ಕಡಿಮೆಯಾಗಿದೆ ಎಂದು ಚುಚ್ಚುವವರು ಒಳಗೇ ಇರುತ್ತಾರೆ. ನಿದ್ದೆಗೆ ಪುಡಿ ತಿಂದರೆ ಮರ್ಯಾದೆ ಹೋಗುವುದಿಲ್ಲ, ಮನೋವೈದ್ಯರ ಮಾತ್ರೆ ತಿಂದರೆ ಹೋಗುತ್ತದೆ. ಆದ್ದರಿಂದ ಮೊದಲು ಎರಡನ್ನೂ ತಿನ್ನುತ್ತಾರೆ, ಆಮೇಲೆ ಮಾತ್ರೆಯನ್ನು ಸದ್ದಿಲ್ಲದೆ ಬಿಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಅಪಾಯ ಈ ಬಿಡುವುದರಲ್ಲಿದೆ. ಫಕ್ಕನೆ ನಿಲ್ಲಿಸಿದರೆ ತಲೆ ತಿರುಗುವುದು, ಮೈ ಜುಮ್ಮೆನ್ನುವುದು, ಸಿಡುಕು, ನಿದ್ದೆಗೇಡು ಬರುತ್ತವೆ. ಹೋದ ಕಾಯಿಲೆ ಮರಳಿ ಬರುತ್ತದೆ. ಬೆಳಗಿನ ಜಾವ ಎಚ್ಚರವಾಗುವುದು ಖಿನ್ನತೆಯ ಒಂದು ಗುರುತು. ಪುಡಿ ತಿಂದು ಎರಡು ಗಂಟೆ ಹೆಚ್ಚು ನಿದ್ದೆ ಬಂದರೆ ಗುರುತು ಮಾಸಬಹುದು, ಕಾಯಿಲೆ ಮಾಸುವುದಿಲ್ಲ. ಖಿನ್ನತೆ ಜೀವ ತೆಗೆಯುವ ಕಾಯಿಲೆ ಎಂಬುದನ್ನು ನಮ್ಮ ಊರಿನ ಬಾವಿಗಳು ಬಲ್ಲವು.

ಡಾಕ್ಟರುಗಳನ್ನೂ ಸುಮ್ಮನೆ ಬಿಡುವುದಿಲ್ಲ ನಾನು. ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ಮೊದಲ ವಾರ ಹೊಟ್ಟೆ ತೊಳಸುತ್ತದೆ ಎಂದು ಮುಂಚೆಯೇ ಹೇಳಿದರೆ ಯಾವ ಹೆಂಗಸು ತಾನೇ ಗಾಬರಿಯಾಗಿ ಬಿಟ್ಟಾಳು? ಮೂರು ನಿಮಿಷದಲ್ಲಿ ಚೀಟಿ ಬರೆದು ಮುಂದಿನವರನ್ನು ಕರೆದರೆ ಪುಡಿ ಕೊಡುವ ಓರಗಿತ್ತಿಯೇ ಗೆಲ್ಲುತ್ತಾಳೆ, ಅವಳಾದರೂ ಕೂತು ಅರ್ಧ ಗಂಟೆ ಮಾತಾಡುತ್ತಾಳಲ್ಲ. ಬೇರೆ ಔಷಧಿ ತಗೊಳ್ತೀರಾ ಎಂದು ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ಕಷಾಯ, ಚೂರ್ಣ, ಲೇಹ್ಯ, ಅರಿಷ್ಟ ಏನಾದರೂ ಉಂಟೇ ಎಂದು ಹೆಸರು ಹಿಡಿದು ಕೇಳಬೇಕು. ಕೇಳಿದ ಮೇಲೆ ಬಯ್ಯಬಾರದು. ಬಯ್ಯಿಸಿಕೊಂಡವಳು ಎರಡನೆಯ ಸಲ ನಿಜ ಹೇಳುವುದಿಲ್ಲ. ಇದನ್ನು ಮಕ್ಕಳ ನಡುವೆ ಆಯುಸ್ಸು ಕಳೆದ ನಾವು ಚೆನ್ನಾಗಿ ಬಲ್ಲೆವು.

ಹಾಗಾದರೆ ಏನು ಮಾಡಬೇಕು? ಒಂದೆಲಗದ ಚಟ್ನಿ ತಿನ್ನಿ, ತಲೆಗೆ ಎಣ್ಣೆ ಹಚ್ಚಿ, ಹಬ್ಬಕ್ಕೆ ಗಸಗಸೆ ಪಾಯಸ ಮಾಡಿ, ಬಿಸಿ ಹಾಲು ಕುಡಿಯಿರಿ. ಅಡಿಗೆಮನೆಯ ಅಳತೆಯಲ್ಲಿ ಇರುವುದಕ್ಕೆ ನನ್ನ ತಕರಾರಿಲ್ಲ. ಪಾಯಸಕ್ಕೆ ಚಿಟಿಕೆ ಜಾಯಿಕಾಯಿ ಘಮಲು, ಚಮಚಗಟ್ಟಲೆ ಅದೇ ಜಾಯಿಕಾಯಿ ವಿಷ, ಇಲ್ಲದ್ದನ್ನು ಕಾಣಿಸುವಷ್ಟು ತಲೆ ಕೆಡಿಸುತ್ತದೆ. ಔಷಧಿಯ ಅಳತೆಗೆ ಏರಿದ ಮೇಲೆ ಔಷಧಿಯ ಮರ್ಯಾದೆ ಕೊಡಿ. ಆಯುರ್ವೇದ ಬೇಕೆಂದರೆ ಐದೂವರೆ ವರ್ಷ ಓದಿ ಬಿ.ಎ.ಎಂ.ಎಸ್. ಮಾಡಿದ ವೈದ್ಯರ ಬಳಿಗೆ ಹೋಗಿ, ಮನೋವೈದ್ಯರ ಚೀಟಿಯನ್ನು ಅವರ ಮುಂದಿಡಿ. ಅವರು ಕೊಟ್ಟದ್ದನ್ನು ಮನೋವೈದ್ಯರ ಮುಂದಿಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಆಯುರ್ವೇದ, ಯೋಗ, ಆಧುನಿಕ ವೈದ್ಯ ಒಂದೇ ಸೂರಿನಡಿ ಕೆಲಸ ಮಾಡುವ ವಿಭಾಗವಿದೆ. ದೊಡ್ಡವರು ಪಕ್ಕಪಕ್ಕ ಕೂತು ಮಾತಾಡುವಾಗ ನಾವೇಕೆ ಒಬ್ಬರಿಂದೊಬ್ಬರಿಗೆ ಮುಚ್ಚಿಡಬೇಕು? ಹಾಲಿನ ಲೆಕ್ಕ ಬರೆಯುವ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ನೀವು ನುಂಗುವುದನ್ನೆಲ್ಲ ಬರೆದಿಡಿ. ಚೀಟಿಯಿಲ್ಲದ ಪೊಟ್ಟಣವನ್ನು, ದೇವರೇ ತಂದುಕೊಟ್ಟರೂ, ಬೇಡ ಎನ್ನಿ. ಏನೇನು ಹಾಕಿದೆ ಎಂದು ಚೀಟಿಯ ಮೇಲೆ ಬರೆಯಬೇಕೆಂಬ ಕಾನೂನು ಆಯುರ್ವೇದದ ಔಷಧಿ ತಯಾರಿಸಿ ಮಾರುವವರಿಗೂ ಇದೆ. ಮಾತ್ರೆ ಬೇಡವೆನಿಸಿದರೆ ಬರೆದುಕೊಟ್ಟವರ ಬಳಿಗೇ ಹೋಗಿ, ಅವರು ಮೆಲ್ಲಗೆ ಇಳಿಸುತ್ತಾರೆ. ಈಗಾಗಲೇ ಎರಡನ್ನೂ ತಿನ್ನುತ್ತಿದ್ದರೆ ಹೆದರಿ ಮಾತ್ರೆಯನ್ನು ಎಸೆಯಬೇಡಿ, ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ನಡುಕ, ಜ್ವರ, ವಿಪರೀತ ಮಂಪರು, ಕಣ್ಣು ಹಳದಿ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹೋಗುವುದೆಲ್ಲಿಗೆ ಎನ್ನುವ ಕಾಲ ಈಗಿಲ್ಲ. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು 1985ರಲ್ಲಿ ಮಾಡಿ ನೋಡಿದ ಪ್ರಯೋಗದಿಂದಲೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿ, 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಫೋನು ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಕೂರುವವರಿಗೆ ಆ ಹೊತ್ತಿನಲ್ಲಿ ಎತ್ತುವ ಫೋನು ಯಾವ ಲೇಹ್ಯಕ್ಕೂ ಕಡಿಮೆಯಲ್ಲ.

ಮನೆಯ ಗಂಡಸರಿಗೂ ಅತ್ತೆಯರಿಗೂ ಒಂದು ಮಾತು. ನಿಮ್ಮ ಮನೆಯ ಹೆಣ್ಣುಮಗಳು ಏನು ನುಂಗುತ್ತಿದ್ದಾಳೆಂದು ನಿಮಗೆ ಗೊತ್ತಿಲ್ಲದಿದ್ದರೆ ಅದು ಅವಳ ಕಳ್ಳತನವಲ್ಲ, ನಿಮ್ಮ ಮುಂದೆ ಹೇಳಲಾಗದಷ್ಟು ಅವಳನ್ನು ಹೆದರಿಸಿಟ್ಟಿದ್ದೀರಿ ಎಂದು ಅರ್ಥ. ಪುಡಿ ತಂದುಕೊಡುವ ಪ್ರೀತಿ ದೊಡ್ಡದೇ. ಮಾತ್ರೆಯನ್ನು ಸೀರೆಯ ಮಡಿಕೆಯಿಂದ ತೆಗೆದು ಊಟದ ತಟ್ಟೆಯ ಪಕ್ಕಕ್ಕೆ ಇಡಿಸುವ ಪ್ರೀತಿ ಅದಕ್ಕಿಂತ ದೊಡ್ಡದು. ಅದನ್ನು ಮಾಡಿ ತೋರಿಸಿ, ಆಮೇಲೆ ಗಿಡಮೂಲಿಕೆಯ ಮಹಿಮೆ ಮಾತಾಡೋಣ.